ಉಸಿರಾಟನಾ, ವಾಕಿಂಗಾ, ಧ್ಯಾನಾನಾ, ಬರೆಯೋದಾ? ದಿನನಿತ್ಯದ ಸ್ಟ್ರೆಸ್‌ಗೆ ಯಾವ್ದು ಯಾವಾಗ

ಸ್ಟ್ರೆಸ್ ಕಮ್ಮಿ ಮಾಡ್ಕೊಳ್ಳೋಕೆ ಏನ್ ಮಾಡ್ಬೇಕು ಅಂತ ಯಾರನ್ನಾದ್ರೂ ಕೇಳಿ ನೋಡಿ, ಒಬ್ರು ಧ್ಯಾನ ಅಂತಾರೆ, ಇನ್ನೊಬ್ರು ವಾಕಿಂಗ್ ಹೋಗು ಅಂತಾರೆ, ಮತ್ತೊಬ್ರು ಮೊದ್ಲು ಆ ಫೋನ್ ಪಕ್ಕಕ್ಕಿಡು ಅಂತಾರೆ. ಎಲ್ರೂ ಹೇಳೋದು ಸರಿನೇ. ಆದ್ರೆ ಮಧ್ಯಾಹ್ನ ಮೂರು ಗಂಟೆಗೆ ಬಾಸ್ ಮೆಸೇಜ್ ನೋಡಿ ಎದೆ ಢವಢವ ಅಂತಿರೋ ಮನುಷ್ಯನಿಗೆ "ದಿನಾ ಬೆಳಿಗ್ಗೆ ಎದ್ದು ಧ್ಯಾನ ಮಾಡು" ಅಂದ್ರೆ ಆ ಹೊತ್ತಿಗೆ ಅದರಿಂದ ಏನೂ ಉಪಯೋಗ ಇಲ್ಲ, ಹಾಗೇ ಮೂರು ಜನ ಮಾಡೋ ಕೆಲ್ಸ ಒಬ್ಳೇ ಮಾಡ್ತಿರೋಳಿಗೆ "ಒಂದ್ಸಲ ಉದ್ದಕ್ಕೆ ಉಸಿರು ಎಳ್ಕೋ, ಎಲ್ಲಾ ಸರಿಹೋಗುತ್ತೆ" ಅಂದ್ರೆ ಸಿಟ್ಟು ಬರುತ್ತೆ, ಬರ್ಬೇಕು ಕೂಡ.

ಅದಕ್ಕೇ ಇಲ್ಲಿ ಟಾಪ್ ಟೆನ್ ಟಿಪ್ಸ್ ಥರ ಏನೂ ಬರೀತಿಲ್ಲ. ಯಾವ್ದು ಎಷ್ಟೊತ್ತಿಗೆ ಕೆಲ್ಸ ಮಾಡುತ್ತೆ, ಯಾವ್ದು ಯಾರಿಗೆ ಒಗ್ಗಲ್ಲ, ಎರಡರಲ್ಲಿ ಒಂದೇ ಮಾಡೋಕೆ ಟೈಮ್ ಇದ್ರೆ ಯಾವ್ದು ತಗೋಬೇಕು, ಇದನ್ನ ಪಕ್ಕಪಕ್ಕ ಇಟ್ಟು ನೋಡೋಣ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ, ಈ ವಿಧಾನಗಳಲ್ಲಿ ಹೆಚ್ಚಿನವು ಚೆನ್ನಾಗೇ ಇವೆ, ಬಹಳಷ್ಟು ಸಲ ಎಡವೋದು ಎಲ್ಲಿ ಅಂದ್ರೆ ಹೊರೆ ಜಾಸ್ತಿಯಾಗಿ ಬಂದ ಸ್ಟ್ರೆಸ್‌ಗೆ ಮೈ ತಣ್ಣಗೆ ಮಾಡೋ ವಿಧಾನ ಹಚ್ತೀವಿ, ಅದು ಕೆಲ್ಸ ಮಾಡ್ಲಿಲ್ಲ ಅಂತ ನಮ್ಮನ್ನೇ ಬೈಕೊಳ್ತೀವಿ.

ಮೈಯಲ್ಲಿದ್ಯಾ, ತಲೇಲಿದ್ಯಾ, ಹೊರೆಯಲ್ಲಿದ್ಯಾ

ಏನಾದ್ರೂ ಆರಿಸ್ಕೊಳ್ಳೋಕೆ ಮುಂಚೆ ಒಂದು ನಿಮಿಷ ಇದನ್ನ ನೋಡ್ಕೊಳ್ಳಿ. ಕೆಲವರಿಗೆ ಸ್ಟ್ರೆಸ್ ಮೊದ್ಲು ಮೈಗೆ ಬರುತ್ತೆ: ಭುಜ ಕಿವಿ ಹತ್ರ ಏರಿರುತ್ತೆ, ದವಡೆ ಬಿಗಿ, ಹೊಟ್ಟೆ ಕಿವುಚಿದ ಹಾಗೆ, ಅಂಗೈ ಬೆವರು. ಕೆಲವರಿಗೆ ತಲೆಗೆ, ಒಂದೇ ಮಾತು ಇಪ್ಪತ್ತು ಸಲ ತಿರುಗುತ್ತೆ, ಅವ್ರು ಹಾಗಂದ್ರಲ್ಲ ನಾನು ಹೀಗನ್ನಬೇಕಿತ್ತು ಅಂತ. ಇನ್ನು ಕೆಲವರಿಗೆ ಮೈಯೂ ಸರಿ ತಲೆಯೂ ಸರಿ, ಆದ್ರೆ ನಿಜವಾಗ್ಲೂ ದಿನದಲ್ಲಿ ಇರೋ ಗಂಟೆಗಳಿಗಿಂತ ಮಾಡ್ಬೇಕಾದ್ದು ಜಾಸ್ತಿ. ಸಾಮಾನ್ಯವಾಗಿ ಮೂರೂ ಸ್ವಲ್ಪ ಸ್ವಲ್ಪ ಕಲಸ್ಕೊಂಡೇ ಇರುತ್ತೆ, ಆದ್ರೆ ಇವತ್ತು ಯಾವ್ದು ಮುಂದಿದೆ ಅಂತ ಹೇಳೋಕೆ ಆಗೇ ಆಗುತ್ತೆ.

ಮನಶ್ಶಾಸ್ತ್ರದಲ್ಲಿ ಇದು ಹಳೇ ವಿಷಯ. ರಿಚರ್ಡ್ ಲಜಾರಸ್ ಮತ್ತೆ ಸೂಸನ್ ಫೋಕ್‌ಮನ್ 1984ರಲ್ಲೇ ಎರಡು ದಾರಿ ಬೇರೆ ಬೇರೆ ಮಾಡಿ ತೋರ್ಸಿದ್ರು, ಒಂದು ಸಮಸ್ಯೆಯನ್ನೇ ಹಿಡಿದು ಬದಲಾಯಿಸೋದು, ಇನ್ನೊಂದು ಸಮಸ್ಯೆಯಿಂದ ನಮಗಾಗ್ತಿರೋ ತಳಮಳವನ್ನ ಇಳಿಸ್ಕೊಳ್ಳೋದು. ಬದಲಾಯಿಸೋಕೆ ಆಗೋ ವಿಷಯಕ್ಕೆ ಮೊದಲನೇದು, ಆಗದೇ ಇರೋದಕ್ಕೆ ಎರಡನೇದು ಅಂತ ಒರಟಾಗಿ ಇಟ್ಕೋಬಹುದು. ಮನೆಯವರ ಆಪರೇಷನ್ ನಾಳೆ ಇದೆ ಅಂದ್ರೆ ಅದನ್ನ ಇವತ್ತು ರಾತ್ರಿ ಕೂತು ಬದಲಾಯಿಸೋಕಾಗಲ್ಲ, ಅಲ್ಲಿ ಉಸಿರಾಟ, ಜೊತೆಗೊಬ್ರು, ಸ್ವಲ್ಪ ನಿದ್ದೆ ಇವೇ ಕೆಲ್ಸಕ್ಕೆ ಬರೋದು. ಪ್ರತಿ ಶುಕ್ರವಾರ ಸಂಜೆ ಆರಕ್ಕೆ ಬರೋ ಅರ್ಜೆಂಟ್ ಕೆಲ್ಸ ಮಾತ್ರ ಉಸಿರಾಟದಿಂದ ಹೋಗಲ್ಲ, ಅದನ್ನ ಕಳಿಸ್ತಿರೋರ ಹತ್ರ ಮಾತಾಡ್ಬೇಕು.

ಮೈಯೊಳಗೆ ಏನಾಗುತ್ತೆ ಅನ್ನೋದನ್ನೂ ಚೂರು ತಿಳ್ಕೊಂಡ್ರೆ ಆಯ್ಕೆ ಸುಲಭ. ಅಪಾಯ ಅನ್ಸಿದ ತಕ್ಷಣ ಸೆಕೆಂಡುಗಳಲ್ಲಿ ಅಡ್ರಿನಲಿನ್ ಬಿಡುಗಡೆಯಾಗುತ್ತೆ, ಹೃದಯ ಓಡುತ್ತೆ, ಉಸಿರು ಮೇಲೆ ಮೇಲೆ ಬರುತ್ತೆ. ಹೋರಾಡು ಇಲ್ಲ ಓಡು ಅಂತ ದೇಹ ರೆಡಿ ಆಗೋ ಈ ಪ್ರತಿಕ್ರಿಯೆಯನ್ನ ವಾಲ್ಟರ್ ಕ್ಯಾನನ್ ಅನ್ನೋ ಶರೀರಶಾಸ್ತ್ರಜ್ಞ ನೂರು ವರ್ಷದ ಹಿಂದೆನೇ ವಿವರಿಸಿದ್ರು. ಕಾರ್ಟಿಸಾಲ್ ಅನ್ನೋ ಇನ್ನೊಂದು ಹಾರ್ಮೋನ್ ನಿಧಾನ, ಅದು ಏರಿ ತುದಿ ಮುಟ್ಟೋಕೆ ಸುಮಾರು 20ರಿಂದ 30 ನಿಮಿಷ ತಗೊಳ್ಳುತ್ತೆ. ಜಗಳ ಮುಗಿದು ಅರ್ಧ ಗಂಟೆ ಆದ್ರೂ ಮೈ ಯಾಕೋ ಇನ್ನೂ ಸರಿ ಇಲ್ಲ ಅನ್ಸೋದು ನಿಮ್ಮ ಭ್ರಮೆ ಏನಲ್ಲ. ಎರಡು ನಿಮಿಷ ಉಸಿರಾಟ ಮಾಡಿ ಪೂರ್ತಿ ಶಾಂತ ಆಗ್ಲಿಲ್ಲ ಅಂತ ಬಿಟ್ಟುಬಿಡೋರು ಇದನ್ನ ನೆನಪಿಟ್ಕೊಂಡ್ರೆ ಸಾಕು.

ಈಗಲೇ, ಇಲ್ಲೇ ಬೇಕು ಅಂದ್ರೆ ಉಸಿರಾಟ. ಆದ್ರೆ ಯಾವ ಉಸಿರಾಟ?

ಐದು ನಿಮಿಷದೊಳಗೆ ಪರಿಣಾಮ ಬೇಕು, ಕೂತ ಜಾಗ ಬಿಟ್ಟು ಏಳೋಕಾಗಲ್ಲ, ಪಕ್ಕದವರಿಗೆ ಗೊತ್ತಾಗ್ಬಾರ್ದು ಅಂದ್ರೆ ಇದಕ್ಕೆ ಸಾಟಿ ಇನ್ನೊಂದಿಲ್ಲ. ಕಾರಣ ಸರಳ: ಉಸಿರು ಒಳಗೆ ತಗೊಳ್ಳುವಾಗ ಹೃದಯ ಸ್ವಲ್ಪ ಜೋರಾಗಿ ಬಡಿಯುತ್ತೆ, ಬಿಡುವಾಗ ನಿಧಾನ ಆಗುತ್ತೆ, ಇದು ಮೆದುಳಿಂದ ಹೃದಯಕ್ಕೆ ನಿಧಾನ ಆಗು ಅಂತ ಹೇಳೋ ವೇಗಸ್ ನರದ ಕೆಲ್ಸ. ಹಾಗಾಗಿ ಬಿಡೋದನ್ನ ಉದ್ದ ಮಾಡಿದ್ರೆ ಬ್ರೇಕ್ ಮೇಲೆ ಕಾಲಿಟ್ಟ ಹಾಗೇ. ಸುಮ್ನೆ ಕೂತಿರುವಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡ್ತಾರೆ, ಅದನ್ನ ಆರರ ಹತ್ರ ಇಳಿಸೋದು ಈ ಅಭ್ಯಾಸಗಳಲ್ಲಿ ಹೆಚ್ಚಿನವುಗಳ ಗುರಿ.

ಈಗ ವಿಧಗಳು. ಎರಡು ಸಲ ಎಳೆದು ಒಂದ್ಸಲ ಉದ್ದಕ್ಕೆ ಬಿಡೋದು ಒಂದು. ಮೂಗಿಂದ ಉಸಿರು ಎಳ್ಕೊಳ್ಳಿ, ತುಂಬ್ತು ಅನ್ಸಿದ ಮೇಲೆ ಮೇಲಿಂದ ಇನ್ನೊಂದು ಚಿಕ್ಕ ಎಳೆತ, ಆಮೇಲೆ ಬಾಯಿಂದ ನಿಧಾನವಾಗಿ, ಪೂರ್ತಿ ಖಾಲಿ ಆಗೋವರೆಗೂ ಬಿಡೋದು. ಅತ್ತು ಅತ್ತು ಸುಸ್ತಾದ ಮಗು ಬಿಕ್ಕುತ್ತಲ್ಲ, ದೇಹಕ್ಕೆ ಅದು ಆಗ್ಲೇ ಗೊತ್ತಿರೋ ಕೆಲ್ಸ. ಎರಡನೇದು ಬಾಕ್ಸ್ ಬ್ರೀದಿಂಗ್: ನಾಲ್ಕು ಎಣಿಸ್ತಾ ತಗೋ, ನಾಲ್ಕು ಹಿಡಿ, ನಾಲ್ಕು ಬಿಡು, ನಾಲ್ಕು ಖಾಲಿ ಇರು. ಮೂರನೇದು ನಾಲ್ಕು-ಏಳು-ಎಂಟು, ಅಂದ್ರೆ ನಾಲ್ಕು ಎಣಿಸಿ ತಗೊಂಡು ಏಳು ಹಿಡಿದು ಎಂಟಕ್ಕೆ ಬಿಡೋದು.

2023ರಲ್ಲಿ ಸ್ಟ್ಯಾನ್‌ಫೋರ್ಡ್‌ನವರು ಒಂದು ಹೋಲಿಕೆ ಪ್ರಕಟಿಸಿದ್ರು, ನೂರಕ್ಕೂ ಸ್ವಲ್ಪ ಹೆಚ್ಚು ಜನ, ದಿನಕ್ಕೆ ಐದೇ ನಿಮಿಷ, ಒಂದು ತಿಂಗಳು. ಒಂದು ಗುಂಪಿಗೆ ಈ ಎರಡು ಎಳೆತದ ಉಸಿರು, ಒಂದಕ್ಕೆ ಬಾಕ್ಸ್, ಒಂದಕ್ಕೆ ಜೋರಾಗಿ ಉಸಿರಾಡಿ ಹಿಡಿಯೋ ವಿಧಾನ, ಇನ್ನೊಂದಕ್ಕೆ ಮೈಂಡ್‌ಫುಲ್‌ನೆಸ್ ಧ್ಯಾನ, ಅಂದ್ರೆ ಉಸಿರನ್ನ ಬದಲಾಯಿಸದೇ ಸುಮ್ನೆ ಗಮನಿಸೋದು. ಆತಂಕ ಎಲ್ಲಾ ಗುಂಪಲ್ಲೂ ಇಳೀತು, ಆದ್ರೆ ಮನಸ್ಸು ಹಗುರ ಆಗೋ ವಿಷಯದಲ್ಲಿ ಉದ್ದಕ್ಕೆ ಬಿಡೋ ಉಸಿರು ಎಲ್ಲಕ್ಕಿಂತ ಮುಂದಿತ್ತು. ಒಂದೇ ಅಧ್ಯಯನ, ಅದೂ ಚಿಕ್ಕದು, ಅದನ್ನೇ ವೇದವಾಕ್ಯ ಮಾಡ್ಕೋಬೇಡಿ, ಆದ್ರೆ ಎಲ್ಲಿಂದ ಶುರು ಮಾಡ್ಲಿ ಅಂತ ಕೇಳಿದ್ರೆ ನಾನು ಇದನ್ನೇ ಹೇಳೋದು, ಯಾಕಂದ್ರೆ ಎಣಿಸೋದು ಇಲ್ಲ, ಹಿಡಿಯೋದೂ ಇಲ್ಲ.

ಬಾಕ್ಸ್ ಯಾರಿಗೆ ಅಂದ್ರೆ ತಲೆ ಓಡ್ತಾನೇ ಇರುತ್ತಲ್ಲ ಅಂಥೋರಿಗೆ, ಎಣಿಸೋದ್ರಲ್ಲಿ ತಲೆಗೆ ಏನೋ ಒಂದು ಕೆಲ್ಸ ಸಿಗುತ್ತೆ. ನಾಲ್ಕು-ಏಳು-ಎಂಟು ರಾತ್ರಿ ಮಲಗೋ ಮುಂಚೆಗೆ ಪರವಾಗಿಲ್ಲ ಆದ್ರೆ ಗಾಬರಿ ಆಗಿರೋ ಹೊತ್ತಲ್ಲಿ ಏಳು ಎಣಿಸೋವರೆಗೂ ಉಸಿರು ಹಿಡಿ ಅಂದ್ರೆ ಕೆಲವರಿಗೆ ಗಾಬರಿ ಇನ್ನೂ ಹೆಚ್ಚಾಗುತ್ತೆ, ಹಾಗಾದ್ರೆ ಹಿಡಿಯೋದನ್ನ ಬಿಟ್ಟು ಬರೀ ನಾಲ್ಕಕ್ಕೆ ತಗೊಂಡು ಆರಕ್ಕೆ ಬಿಡಿ, ಸಾಕು. ತಲೆ ತಿರುಗಿದ್ರೆ ನೀವು ತುಂಬಾ ಜೋರಾಗಿ ಉಸಿರಾಡ್ತಿದೀರ ಅಂತ ಅರ್ಥ, ನಿಲ್ಲಿಸಿ ಮಾಮೂಲಿ ಉಸಿರಾಡಿ. ಜೋರಾಗಿ ಉಸಿರಾಡಿ ಹಿಡಿಯೋ ವಿಧಾನಗಳನ್ನ ನೀರಲ್ಲಿದ್ದಾಗ, ಗಾಡಿ ಓಡಿಸುವಾಗ ಖಂಡಿತ ಬೇಡ, ಪ್ರಜ್ಞೆ ತಪ್ಪೋ ಅಪಾಯ ಇದೆ.

ಉಸಿರಾಟ ಮತ್ತೆ ಧ್ಯಾನ ಎರಡೂ ಒಂದೇ ಅಲ್ವಾ?

ಅಲ್ಲ. ಹೊರಗಿಂದ ನೋಡೋಕೆ ಒಂದೇ ಥರ ಕಾಣುತ್ತೆ, ಕಣ್ಮುಚ್ಚಿ ಕೂತಿರ್ತಾರೆ ಅಷ್ಟೇ. ಉಸಿರಾಟದಲ್ಲಿ ನೀವು ಉಸಿರನ್ನ ಬದಲಾಯಿಸ್ತೀರ, ಧ್ಯಾನದಲ್ಲಿ ಅದನ್ನ ಅದರ ಪಾಡಿಗೆ ಬಿಟ್ಟು ನೋಡ್ತೀರ, ಮನಸ್ಸು ಎಲ್ಲೋ ಹೋಯ್ತು ಅಂತ ಗೊತ್ತಾದಾಗ ವಾಪಸ್ ಕರ್ಕೊಂಡು ಬರ್ತೀರ. ಮೊದಲನೇದರ ಪರಿಣಾಮ ನಿಮಿಷಗಳಲ್ಲಿ, ಎರಡನೇದರದ್ದು ವಾರಗಳಲ್ಲಿ. ಗಾಬರಿ ಶುರುವಾದ ಮೇಲೆ ಮೊದಲ ಸಲ ಧ್ಯಾನಕ್ಕೆ ಕೂರೋದು ಅಂದ್ರೆ ಪರೀಕ್ಷೆ ದಿನ ಪುಸ್ತಕ ತೆಗೆದ ಹಾಗೆ.

ಧ್ಯಾನದ ಪರವಾಗಿರೋ ಸಾಕ್ಷಿ ಗಟ್ಟಿನೇ ಇದೆ. ಜಾನ್ ಕಬಾಟ್-ಜಿನ್ ಅನ್ನೋರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮೈಂಡ್‌ಫುಲ್‌ನೆಸ್‌ನ ಎಂಟು ವಾರದ ಕೋರ್ಸ್ ಶುರು ಮಾಡಿದ್ರು. 2022ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಆತಂಕದ ಕಾಯಿಲೆ ಇದ್ದ 276 ಜನರಲ್ಲಿ ಅರ್ಧ ಜನಕ್ಕೆ ಈ ಕೋರ್ಸ್, ಇನ್ನರ್ಧ ಜನಕ್ಕೆ ಎಸಿಟಾಲೋಪ್ರಾಮ್ ಅನ್ನೋ ಮಾತ್ರೆ ಕೊಟ್ಟು ನೋಡಿದ್ರು, ಎಂಟು ವಾರ ಆದ್ಮೇಲೆ ಕೋರ್ಸ್ ಮಾತ್ರೆಗಿಂತ ಹಿಂದೆ ಬೀಳ್ಲಿಲ್ಲ. ಇದನ್ನ ಓದಿ ಎಲ್ರೂ ಆಪ್ ಡೌನ್‌ಲೋಡ್ ಮಾಡ್ಕೊಳ್ತಾರೆ, ಆದ್ರೆ ಅಲ್ಲಿ ಮಾಡಿಸಿದ್ದು ಏನು ಅಂತ ಯಾರೂ ನೋಡಲ್ಲ: ವಾರಕ್ಕೊಂದು ಎರಡೂವರೆ ಗಂಟೆಯ ಕ್ಲಾಸು, ಮನೇಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ, ಮಧ್ಯದಲ್ಲಿ ಒಂದು ದಿನ ಪೂರ್ತಿ. ಆಪ್‌ನಲ್ಲಿ ಮಲಗೋ ಮುಂಚೆ ಐದು ನಿಮಿಷ ಕೇಳಿ ನಿದ್ದೆ ಹೋದ್ರೆ ಅದು ಕೆಟ್ಟದ್ದು ಅಂತಲ್ಲ, ಆದ್ರೆ ಈ ಫಲಿತಾಂಶವನ್ನ ಅದರ ಲೆಕ್ಕಕ್ಕೆ ಸೇರಿಸೋಕಾಗಲ್ಲ. ಇನ್ನೊಂದು ವಿಷಯ, ಈ ಅಧ್ಯಯನ ನೋಡಿ ಈಗಾಗ್ಲೇ ತಗೋತಿರೋ ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ, ಡಾಕ್ಟರ್ ಕೇಳದೇ ಅದನ್ನ ಮುಟ್ಟೋದೇ ಬೇಡ.

ಸುಮ್ನೆ ಕೂತ್ರೆ ತಲೆ ಇನ್ನೂ ಜೋರಾಗಿ ಓಡುತ್ತೆ ಅನ್ನೋರಿದಾರೆ, ಹಳೇ ಕಹಿ ನೆನಪುಗಳು ಮೇಲೆ ಬರೋರೂ ಇದಾರೆ. ಅಂಥೋರು ಬಲವಂತವಾಗಿ ಕೂರೋದು ಬೇಡ, ಕಣ್ಣು ತೆರೆದು ಮಾಡಿ, ನಡೀತಾ ಮಾಡಿ, ಇಲ್ಲಾ ಅದನ್ನ ಬಿಟ್ಟು ಮೈಯಿಂದ ಶುರು ಮಾಡಿ.

ಮೈ ಬಿಗಿ ಬಿಡಿಸೋದು

ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ, ಅದೇ ನಂಗೆ ಬೇಜಾರು. ಎಡ್ಮಂಡ್ ಜೇಕಬ್‌ಸನ್ ಅನ್ನೋ ಅಮೆರಿಕನ್ ವೈದ್ಯರು 1920ರ ದಶಕದಲ್ಲಿ ರೂಪಿಸಿದ ಅಭ್ಯಾಸ, ಒಂದೊಂದೇ ಸ್ನಾಯುವನ್ನ ಬೇಕಂತಲೇ ಬಿಗಿ ಮಾಡಿ ಆಮೇಲೆ ಬಿಡೋದು. ಈಗಲೇ ಮಾಡಿ ನೋಡಿ: ಬಲಗೈ ಮುಷ್ಟಿ ಕಟ್ಟಿ, ಐದು ಸೆಕೆಂಡು, ಮೊಣಕೈವರೆಗೂ ಎಳೆತ ಗೊತ್ತಾಗ್ಬೇಕು, ಈಗ ಒಮ್ಮೆಲೇ ಬಿಟ್ಟುಬಿಡಿ, ಹದಿನೈದು ಇಪ್ಪತ್ತು ಸೆಕೆಂಡು ಆ ಕೈ ಕಡೆ ಗಮನ ಇಡಿ, ಬೆರಳ ತುದೀಲಿ ಏನೋ ಬೆಚ್ಚಗೆ ಭಾರವಾಗಿ ಹರಿದ ಹಾಗೆ ಆಗುತ್ತಲ್ಲ, ಎಡಗೈಗೂ ಇದಕ್ಕೂ ಇರೋ ವ್ಯತ್ಯಾಸ ನೋಡಿ. ಹಾಗೇ ಭುಜ, ಹಣೆ, ದವಡೆ, ಹೊಟ್ಟೆ, ತೊಡೆ, ಪಾದ. ಪೂರ್ತಿ ಮಾಡೋಕೆ ಹದಿನೈದು ನಿಮಿಷ.

ಧ್ಯಾನ ಆಗಲ್ಲ ಅನ್ನೋರಿಗೆ ಧ್ಯಾನಕ್ಕಿಂತ ಇದು ವಾಸಿ ಅಂತ ನನ್ನ ಅನಿಸಿಕೆ, ಯಾಕಂದ್ರೆ ಇಲ್ಲಿ ಮನಸ್ಸಿಗೆ ಹಿಡ್ಕೊಳ್ಳೋಕೆ ಒಂದು ವಸ್ತು ಇದೆ. ಉಸಿರಾಟದಷ್ಟು ಗುಟ್ಟಾಗಿ ಆಫೀಸಲ್ಲಿ ಮಾಡೋಕಾಗಲ್ಲ ಅನ್ನೋದೊಂದೇ ಕೊರತೆ, ಆದ್ರೂ ಟೇಬಲ್ ಕೆಳಗೆ ಕಾಲ್ಬೆರಳು ಮಡಚಿ ಬಿಡೋದನ್ನ ಯಾರೂ ನೋಡಲ್ಲ. ಎಲ್ಲಾದ್ರೂ ನೋವು, ಗಾಯ, ಉಳುಕು ಇದ್ರೆ ಆ ಭಾಗ ಬಿಟ್ಟು ಮುಂದೆ ಹೋಗಿ.

ನಡೆಯೋದಾ, ಬೆವರು ಸುರಿಸೋದಾ

ಅಡ್ರಿನಲಿನ್ ಮೈಯನ್ನ ಓಡೋಕೆ ರೆಡಿ ಮಾಡಿರುತ್ತೆ, ನಾವು ಕುರ್ಚಿ ಮೇಲೆ ಕೂತು ಇಮೇಲ್‌ಗೆ "ಖಂಡಿತ ಮಾಡ್ತೀನಿ" ಅಂತ ಟೈಪ್ ಮಾಡ್ತಿರ್ತೀವಿ. ಹಾಗಾಗಿ ಎದ್ದು ಓಡಾಡೋದು ತುಂಬಾ ಸಹಜವಾದ ಔಷಧಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಇಲ್ಲಾ 75ರಿಂದ 150 ನಿಮಿಷ ಜೋರಾದ ವ್ಯಾಯಾಮ. ಮಧ್ಯಮ ಅಂದ್ರೆ ಮಾತಾಡೋಕೆ ಆಗ್ಬೇಕು ಆದ್ರೆ ಹಾಡೋಕೆ ಆಗ್ಬಾರ್ದು, ಅಷ್ಟು ಬಿರುಸು.

ಎರಡರಲ್ಲಿ ಯಾವ್ದು ಅಂದ್ರೆ, ಸಿಟ್ಟು ಮತ್ತೆ ಚಡಪಡಿಕೆ ಜಾಸ್ತಿ ಇರೋರಿಗೆ ಬೆವರು ಬರೋ ವ್ಯಾಯಾಮ ಚೆನ್ನಾಗಿ ಹಿಡಿಸುತ್ತೆ. ಎದೆ ಬಡಿತ ಜೋರಾದ್ರೇನೇ ಭಯ ಆಗೋರಿಗೆ, ಈಗಾಗ್ಲೇ ನಿದ್ದೆಗೆಟ್ಟು ಸುಸ್ತಾಗಿರೋರಿಗೆ ನಡಿಗೆಯಿಂದ ಶುರು ಮಾಡೋದು ಕ್ಷೇಮ. ನಡೆಯೋದಾದ್ರೆ ಗಿಡಮರ ಇರೋ ಜಾಗ ಆರಿಸ್ಕೊಳ್ಳಿ. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರ ಮಾಹಿತಿ ನೋಡಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ವಾರಕ್ಕೆ 120 ನಿಮಿಷ ಪ್ರಕೃತಿ ನಡುವೆ ಕಳೆಯೋರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಅಂತ ಹೇಳೋ ಸಾಧ್ಯತೆ ಹೆಚ್ಚು, ಒಂದೇ ಸಲ ಹೋದ್ರೂ ಬಿಡಿಬಿಡಿಯಾಗಿ ಹೋದ್ರೂ ವ್ಯತ್ಯಾಸ ಕಾಣ್ಲಿಲ್ಲ. ಚೆನ್ನಾಗಿರೋರೇ ಹೆಚ್ಚು ಹೊರಗೆ ಹೋಗ್ತಾರೇನೋ ಅಂತ ನೀವು ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆ, ಇಂಥ ಅಧ್ಯಯನ ಅದನ್ನ ಪೂರ್ತಿ ಬಗೆಹರಿಸಲ್ಲ.

ನಡೀತಾ ಆಫೀಸ್ ಕಾಲ್ ಅಟೆಂಡ್ ಮಾಡ್ತಿದ್ರೆ ಮಾತ್ರ ಕಾಲಿಗೆ ವ್ಯಾಯಾಮ ಆಯ್ತು, ತಲೆಗೆ ಇಲ್ಲ.

ಬರೆಯೋದಾ, ಯಾರ ಹತ್ರನಾದ್ರೂ ಹೇಳ್ಕೊಳ್ಳೋದಾ

ತಲೇಲಿ ಸುತ್ತೋ ಸ್ಟ್ರೆಸ್‌ಗೆ ಈ ಎರಡೇ ಮುಖ್ಯ ಸ್ಪರ್ಧಿಗಳು. ಬರೆಯೋದ್ರಲ್ಲೂ ಎರಡು ಬಗೆ, ಜನ ಎರಡನ್ನೂ ಡೈರಿ ಅಂತ ಒಂದೇ ಹೆಸರಲ್ಲಿ ಕರೆದು ಕಲಸಿಬಿಡ್ತಾರೆ.

ಮೊದಲನೇದು ಮನಸ್ಸಿನ ಆಳದ್ದನ್ನ ಬರೆಯೋದು. ಜೇಮ್ಸ್ ಪೆನ್ನಬೇಕರ್ ಅನ್ನೋ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ನೋವಿನ ಅನುಭವ ಬರೆದ್ರು. ಬರೆದ ತಕ್ಷಣ ಅವ್ರಿಗೆ ಮನಸ್ಸು ಇನ್ನೂ ಕೆಟ್ಟಿತ್ತು, ಆದ್ರೆ ಮುಂದಿನ ತಿಂಗಳುಗಳಲ್ಲಿ ನಡೆದದ್ದನ್ನೂ ಅದರಿಂದ ಆದ ಭಾವನೆಯನ್ನೂ ಸೇರಿಸಿ ಬರೆದವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಮ್ಮಿ. ಅಂದ್ರೆ ಇದನ್ನ ಮಲಗೋ ಮುಂಚೆ, ಮೀಟಿಂಗ್‌ಗೆ ಮುಂಚೆ ಮಾಡೋದು ಬೇಡ, ಆಮೇಲೆ ಸ್ವಲ್ಪ ಸುಧಾರಿಸ್ಕೊಳ್ಳೋಕೆ ಟೈಮ್ ಇರೋ ಹೊತ್ತಲ್ಲಿ ಮಾಡಿ. ಬರೆದದ್ದನ್ನ ಯಾರಿಗೂ ತೋರಿಸ್ಬೇಕಿಲ್ಲ, ಹರಿದು ಹಾಕಿದ್ರೂ ಆಗುತ್ತೆ.

ಎರಡನೇದು ಬರೀ ಪಟ್ಟಿ. 2018ರಲ್ಲಿ ಬೇಯ್ಲರ್ ವಿಶ್ವವಿದ್ಯಾಲಯದ ನಿದ್ದೆ ಲ್ಯಾಬ್‌ನಲ್ಲಿ 57 ಯುವಕ ಯುವತಿಯರ ಮೇಲೆ ಪ್ರಯೋಗ ಮಾಡಿದ್ರು, ಅರ್ಧ ಜನ ಮಲಗೋ ಮುಂಚೆ ಐದು ನಿಮಿಷ ಮುಂದೆ ಮಾಡ್ಬೇಕಾದ ಕೆಲ್ಸಗಳ ಪಟ್ಟಿ ಬರೆದ್ರು, ಇನ್ನರ್ಧ ಜನ ಆಗ್ಲೇ ಮುಗಿಸಿದ ಕೆಲ್ಸಗಳದ್ದು. ಮಾಡ್ಬೇಕಾದ್ದನ್ನ ಬರೆದವರು ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆ ಹೋದ್ರು. ಅದ್ರಲ್ಲೂ ಎಷ್ಟು ಬಿಡಿಸಿ ಬರೆದ್ರೋ ಅಷ್ಟು ಬೇಗ. "ಬ್ಯಾಂಕ್ ಕೆಲ್ಸ" ಅಂತ ಬರೆದ್ರೆ ತಲೆ ಬಿಡಲ್ಲ, "ಗುರುವಾರ ಹನ್ನೊಂದಕ್ಕೆ ಹೋಗಿ ವಿಳಾಸ ಬದಲಾವಣೆ ಫಾರಂ ಕೊಡೋದು, ಐಡಿ ಕಾರ್ಡಿನ ಜೆರಾಕ್ಸ್ ಮೇಲಿನ ಡ್ರಾಯರ್‌ನಲ್ಲಿದೆ" ಅಂತ ಬರೆದ್ರೆ ತಲೆ ಸರಿ ಬಿಡು ಅಂತ ಸುಮ್ನಾಗುತ್ತೆ. ರಾತ್ರಿ ನಿದ್ದೆ ಬರದೇ ಹೊರಳಾಡೋರಿಗೆ ನನ್ನ ಓಟು ಪಟ್ಟಿಗೇ, ಉಸಿರಾಟಕ್ಕೂ ಅಲ್ಲ, ಧ್ಯಾನಕ್ಕೂ ಅಲ್ಲ. ಪಟ್ಟಿ ಪೇಪರ್ ಮೇಲೆ ಬರೀರಿ, ಫೋನ್ ತೆಗೆದ್ರೆ ಕಥೆ ಮುಗೀತು.

ಹೇಳ್ಕೊಳ್ಳೋದರ ವಿಷಯ ಸ್ವಲ್ಪ ತೊಡಕು. ನಂಬಿಕಸ್ತರೊಬ್ರು ಕೂತು ಕೇಳಿದ್ರೆ ಆಗೋ ಹಗುರ ಯಾವ ಟೆಕ್ನಿಕ್‌ನಿಂದಲೂ ಆಗಲ್ಲ, ಅದು ನಿಜ. ಆದ್ರೆ ಇಬ್ರು ಸೇರಿ ಅದೇ ವಿಷಯವನ್ನ ತಿರುಗಾ ಮುರುಗಾ ಅರೆಯೋದು ಬೇರೆ. ಅಮಾಂಡಾ ರೋಸ್ ಅನ್ನೋ ಸಂಶೋಧಕಿ ಶಾಲಾ ಮಕ್ಕಳಲ್ಲಿ ಇದನ್ನ ನೋಡಿ 2002ರಲ್ಲಿ ಬರೆದ್ರು, ಹೀಗೆ ಜೊತೆಗೂಡಿ ಕೊರಗೋದ್ರಿಂದ ಗೆಳೆತನ ಹತ್ರ ಆಗುತ್ತೆ, ಆದ್ರೆ ಖಿನ್ನತೆ ಆತಂಕದ ಲಕ್ಷಣಗಳೂ ಜೊತೆಗೇ ಇರುತ್ತೆ. ದೊಡ್ಡವರ ಆಫೀಸ್ ಗುಂಪುಗಳನ್ನ ನೋಡಿದ್ರೆ ಇದು ಮಕ್ಕಳಿಗಷ್ಟೇ ಅಂತ ನಂಗೇನೂ ಅನ್ಸಲ್ಲ. ಮಾತು ಮುಗಿದ ಮೇಲೆ ಒಂದು ಹೊಸ ವಿಚಾರ ಸಿಕ್ತಾ, ಅಥ್ವಾ ಸಿಟ್ಟು ಮಾತ್ರ ಡಬಲ್ ಆಯ್ತಾ ಅಂತ ನೋಡ್ಕೊಂಡ್ರೆ ಯಾರ ಹತ್ರ ಹೇಳ್ಕೋಬೇಕು ಅಂತ ತಾನಾಗೇ ಗೊತ್ತಾಗುತ್ತೆ. ಹೇಳೋಕೆ ಮುಂಚೆನೇ "ನಂಗೆ ಸಲಹೆ ಬೇಡ, ಸುಮ್ನೆ ಕೇಳು" ಅಥ್ವಾ "ಏನ್ ಮಾಡ್ಲಿ ಹೇಳು" ಅಂತ ಎರಡರಲ್ಲಿ ಒಂದು ಹೇಳ್ಬಿಡಿ, ಅರ್ಧ ಜಗಳ ಅಲ್ಲೇ ತಪ್ಪುತ್ತೆ.

ಸಿಟ್ಟನ್ನ ಹೊರಗೆ ಹಾಕಿಬಿಡು, ದಿಂಬಿಗೆ ಗುದ್ದು ಅನ್ನೋ ಸಲಹೆಗೆ ಮಾತ್ರ ನಾನು ಪೂರ್ತಿ ವಿರುದ್ಧ. ಬ್ರಾಡ್ ಬುಷ್‌ಮನ್ ಅನ್ನೋ ಸಂಶೋಧಕರು 2002ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು, ಸಿಟ್ಟು ಬರ್ಸಿದವರನ್ನ ನೆನೆಸ್ಕೊಂಡು ಪಂಚಿಂಗ್ ಬ್ಯಾಗ್‌ಗೆ ಗುದ್ದಿದೋರಿಗೆ ಸಿಟ್ಟು ಇನ್ನೂ ಏರಿತ್ತು, ಏನೂ ಮಾಡದೇ ಸುಮ್ನೆ ಕೂತವರೇ ಅವರಿಗಿಂತ ತಣ್ಣಗಿದ್ರು.

ಫೋನ್ ನೋಡ್ತಾ ಮಲಗೋದು ರೆಸ್ಟ್ ಲೆಕ್ಕಕ್ಕೆ ಬರುತ್ತಾ

ಕೆಲವೊಮ್ಮೆ ಬರುತ್ತೆ. ಹತ್ತು ನಿಮಿಷ ನಗು ಬರೋ ವಿಡಿಯೋ ನೋಡಿ ಎದ್ದು ಹೋದ್ರೆ ಅದರಲ್ಲಿ ಪಾಪ ಏನಿಲ್ಲ. ಎದ್ದಾಗ ಹಗುರ ಇದ್ರೆ ರೆಸ್ಟು, ಇನ್ನೂ ಭಾರ ಇದ್ರೆ ಅಲ್ಲ, ಇಷ್ಟೇ ಪರೀಕ್ಷೆ. ಫೋನ್ ಪೂರ್ತಿ ಬಿಡೋದಕ್ಕಿಂತ ನೋಟಿಫಿಕೇಷನ್ ಕಟ್ಟಿ ಹಾಕೋದು ಸುಲಭ, ಲಾಭವೂ ಜಾಸ್ತಿ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಇಬ್ರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 124 ಜನ ಒಂದು ವಾರ ದಿನಕ್ಕೆ ಮೂರೇ ಸಲ ಇಮೇಲ್ ನೋಡಿದ್ರು, ಇನ್ನೊಂದು ವಾರ ಎಷ್ಟು ಸಲ ಬೇಕಾದ್ರೂ, ಮೂರು ಸಲದ ವಾರದಲ್ಲಿ ಸ್ಟ್ರೆಸ್ ಕಮ್ಮಿ ಇತ್ತು. ಎಲ್ರ ಕೆಲ್ಸದಲ್ಲೂ ಮೂರಕ್ಕೆ ಇಳಿಸೋಕಾಗಲ್ಲ ಗೊತ್ತು, ಆದ್ರೆ ಗಂಟೆಗೊಂದ್ಸಲ ಅಂತ ಮಾಡ್ಕೊಂಡ್ರೂ ಐದು ನಿಮಿಷಕ್ಕೊಂದ್ಸಲ ನೋಡೋದಕ್ಕಿಂತ ಎಷ್ಟೋ ವಾಸಿ.

ಕಾಫಿ, ನಿದ್ದೆ ಬಗ್ಗೆ ಎಲ್ರಿಗೂ ಗೊತ್ತು, ಹಾಗಾಗಿ ಎರಡೇ ಮಾತು. ಕೆಫೀನ್ ಅರ್ಧದಷ್ಟು ಮೈಯಿಂದ ಹೋಗೋಕೇ ಸುಮಾರು ಐದು ಗಂಟೆ ಬೇಕು, 2013ರ ಒಂದು ಅಧ್ಯಯನದಲ್ಲಿ ಮಲಗೋಕೆ ಆರು ಗಂಟೆ ಮುಂಚೆ 400 ಮಿಲಿಗ್ರಾಂ ತಗೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಟ್ ಆಗಿತ್ತು. ಏಳು ಗಂಟೆ ನಿದ್ದೆ ಇಲ್ಲದೇ ಮೇಲಿನ ಯಾವುದನ್ನ ಮಾಡಿದ್ರೂ ಅರ್ಧಂಬರ್ಧನೇ. ಸ್ಟ್ರೆಸ್‌ಗೆ ಅಂತ ಕುಡಿಯೋರಿಗೆ: ಆಲ್ಕೋಹಾಲ್ ನಿದ್ದೆ ಬೇಗ ತರ್ಸುತ್ತೆ, ಆಮೇಲೆ ನಡುರಾತ್ರಿ ಎಬ್ಬಿಸುತ್ತೆ.

ಹೊರೆನೇ ಜಾಸ್ತಿ ಇದ್ರೆ

ಇಲ್ಲಿಗೆ ಬರೋಷ್ಟೊತ್ತಿಗೆ ಎಷ್ಟೋ ಜನ ಓದೋದು ನಿಲ್ಲಿಸ್ತಾರೆ, ಯಾಕಂದ್ರೆ ಇದು ಕಷ್ಟದ್ದು. ಉಸಿರಾಟ, ನಡಿಗೆ, ಧ್ಯಾನ ಎಲ್ಲಾ ನಾನೊಬ್ನೇ ಮಾಡ್ಕೋಬಹುದು, ಯಾರಿಗೂ ಬೇಜಾರಾಗಲ್ಲ. ಹೊರೆ ಇಳಿಸ್ಬೇಕು ಅಂದ್ರೆ ಇನ್ನೊಬ್ರಿಗೆ "ಆಗಲ್ಲ" ಅನ್ಬೇಕು. ಅದಕ್ಕೇ ಕಂಪನಿಗಳೂ ಕೆಲ್ಸ ಕಮ್ಮಿ ಮಾಡೋ ಬದ್ಲು ಧ್ಯಾನದ ವೆಬಿನಾರ್ ಇಡ್ತಾವೆ, ಅದು ಅವಕ್ಕೆ ಅಗ್ಗ.

ಮೊದ್ಲು ಒಂದು ಹಾಳೆ ತಗೊಂಡು ಈ ವಾರ ತಲೆ ತಿಂದದ್ದನ್ನೆಲ್ಲಾ ಬರೀರಿ. ಆಮೇಲೆ ಪ್ರತಿಯೊಂದರ ಮುಂದೆ ನನ್ನ ಕೈಲಿದೆ, ಸ್ವಲ್ಪ ಇದೆ, ಇಲ್ಲ ಅಂತ. ಒಂದು ಉದಾಹರಣೆ ಹಾಳೆ ಹೀಗಿರಬಹುದು: ತಂಗಿ ಮಗಳ ಪರೀಕ್ಷೆ ರಿಸಲ್ಟ್, ಇಲ್ಲ. ರಾತ್ರಿ ಹತ್ತಕ್ಕೆ ಬರೋ ಆಫೀಸ್ ಕಾಲ್, ಸ್ವಲ್ಪ ಇದೆ. ಮೂರು ವಾರದಿಂದ ಮುಂದೂಡ್ತಿರೋ ಹಲ್ಲಿನ ಡಾಕ್ಟರ್, ಪೂರ್ತಿ ನನ್ನ ಕೈಲಿದೆ. ತಮಾಷೆ ಅಂದ್ರೆ ಕೈಲಿರೋ ಚಿಕ್ಕಪುಟ್ಟವೇ ಹೆಚ್ಚು ಕಿರಿಕಿರಿ ಮಾಡ್ತಿರುತ್ತೆ, ಒಂದು ಫೋನ್ ಮಾಡಿದ್ರೆ ಮುಗಿಯೋ ಕೆಲ್ಸ ತಿಂಗಳಿಡೀ ತಲೇಲಿ ಬಾಡಿಗೆ ಕೊಡದೇ ಕೂತಿರುತ್ತೆ.

"ಸ್ವಲ್ಪ ಇದೆ" ಅನ್ನೋ ಸಾಲಿಗೆ ಮಾತು ರೆಡಿ ಇಟ್ಕೊಳ್ಳಿ, ಆ ಹೊತ್ತಿಗೆ ಬಾಯಿಗೆ ಬರಲ್ಲ. "ಇದನ್ನ ಮಾಡ್ತೀನಿ, ಆದ್ರೆ ಆಗ ಆ ರಿಪೋರ್ಟ್ ಸೋಮವಾರಕ್ಕೆ ಹೋಗುತ್ತೆ, ಯಾವ್ದು ಮೊದ್ಲು ಬೇಕು ನೀವೇ ಹೇಳಿ" ಅನ್ನೋ ಮಾತು ಬರೀ "ಆಗಲ್ಲ" ಅನ್ನೋದಕ್ಕಿಂತ ಚೆನ್ನಾಗಿ ನಡೆಯುತ್ತೆ, ಯಾಕಂದ್ರೆ ಆರಿಸೋ ತಲೆನೋವು ವಾಪಸ್ ಅವರಿಗೇ ಹೋಯ್ತು. ಮನೇಲಾದ್ರೆ "ಸಹಾಯ ಮಾಡಿ" ಅನ್ನೋದು ಗಾಳಿಗೆ ಹೋಗುತ್ತೆ, "ಬುಧವಾರ ಶುಕ್ರವಾರ ಪಾತ್ರೆ ನಿಂದು" ಅಂದ್ರೆ ನಿಲ್ಲುತ್ತೆ. ಹೊರೆ ದಿನಾಲೂ ಇದ್ದು ಇದ್ಯಾವ್ದನ್ನೂ ಕೇಳೋ ಸ್ಥಿತಿ ಇಲ್ಲದಿದ್ರೆ ನಿಮ್ಮಲ್ಲೇನೋ ಕೊರತೆ ಇದೆ ಅಂದ್ಕೋಬೇಡಿ, ಆಗ ಉಸಿರಾಟ ನಡಿಗೆಗಳು ಆ ದಿನ ದಾಟಿಸೋಕೆ ಅಷ್ಟೇ.

ಹಾಗಾದ್ರೆ ನಾನೇನ್ ಆರಿಸ್ಲಿ

ಮೀಟಿಂಗ್‌ಗೋ ಇಂಟರ್ವ್ಯೂಗೋ ಹತ್ತು ನಿಮಿಷ ಇದೆ ಅಂದ್ರೆ ಉದ್ದಕ್ಕೆ ಬಿಡೋ ಉಸಿರು. ಜಗಳ ಆಗಿ ಮೈ ನಡುಗ್ತಿದೆ ಅಂದ್ರೆ ಎದ್ದು ಹೋಗಿ ಅರ್ಧ ಗಂಟೆ ನಡೀರಿ, ಅಲ್ಲಿವರೆಗೂ ಯಾವ ಮೆಸೇಜಿಗೂ ರಿಪ್ಲೈ ಬೇಡ. ರಾತ್ರಿ ತಲೆ ಓಡ್ತಿದ್ರೆ ಪಟ್ಟಿ, ಮೈ ಬಿಗಿದಿದ್ರೆ ಸ್ನಾಯು ಬಿಡಿಸೋದು. ಹಳೇ ನೋವು ಕಾಡ್ತಿದ್ರೆ ಹಗಲಲ್ಲಿ ಬರೆಯೋದು ಇಲ್ಲಾ ಒಳ್ಳೆ ಕಿವಿ ಇರೋ ಒಬ್ರು. ಒಟ್ಟಾರೆ ಸಣ್ಣ ಸಣ್ಣದಕ್ಕೂ ರೇಗೋದು ಕಮ್ಮಿ ಆಗ್ಬೇಕು ಅಂದ್ರೆ ಧ್ಯಾನ, ಆದ್ರೆ ಎರಡು ತಿಂಗಳು ಕೊಡೋ ಮನಸ್ಸಿದ್ರೆ ಮಾತ್ರ ಶುರು ಮಾಡಿ.

ಎಲ್ಲಾ ಒಟ್ಟಿಗೆ ಶುರು ಮಾಡಿದ್ರೆ ಯಾವ್ದರಿಂದ ಏನಾಯ್ತು ಅಂತ ತಿಳಿಯಲ್ಲ. ಒಂದನ್ನೇ ಹಿಡಿದು ಎರಡ್ಮೂರು ವಾರ ಮಾಡಿ. ಅಳತೆ ಬೇಕು ಅನ್ನೋರಿಗೆ ಶೆಲ್ಡನ್ ಕೊಹೆನ್ ಮತ್ತೆ ಜೊತೆಯವರು 1983ರಲ್ಲಿ ಮಾಡಿದ ಗ್ರಹಿತ ಒತ್ತಡದ, ಅಂದ್ರೆ ನಮಗೆ ಎಷ್ಟು ಸ್ಟ್ರೆಸ್ ಅನ್ಸುತ್ತೆ ಅಂತ ಅಳೆಯೋ ಪ್ರಶ್ನಾವಳಿ ಇದೆ, ಅದರ 10 ಪ್ರಶ್ನೆಗಳ ರೂಪ ಈಗ ಹೆಚ್ಚು ಬಳಕೆಯಲ್ಲಿದೆ, ಕಳೆದ ಒಂದು ತಿಂಗಳ ಬಗ್ಗೆ ಕೇಳುತ್ತೆ, ಅಂಕ 0ಯಿಂದ 40. ಶುರುವಲ್ಲಿ ಒಂದ್ಸಲ, ತಿಂಗಳಾದ್ಮೇಲೆ ಒಂದ್ಸಲ ಸಾಕು, ಅದು ಕಾಯಿಲೆ ಇದೆ ಇಲ್ಲ ಅಂತ ಹೇಳೋ ಪರೀಕ್ಷೆ ಅಲ್ಲ. ಮತ್ತೆ ನಿಮ್ಮ ತೀರಾ ಕೆಟ್ಟ ದಿನ ಕೂಡ ಮಾಡೋಕಾಗೋಷ್ಟು ಚಿಕ್ಕದನ್ನ ಆರಿಸಿ, ಒಳ್ಳೆ ದಿನಗಳಲ್ಲಿ ಮಾತ್ರ ಆಗೋ ಅಭ್ಯಾಸ ಬೇಕಾದಾಗ ಕೈಗೆ ಸಿಗಲ್ಲ.

ಇವೆಲ್ಲಾ ದಿನನಿತ್ಯದ ಸ್ಟ್ರೆಸ್‌ಗೆ. ಎರಡು ವಾರಕ್ಕಿಂತ ಹೆಚ್ಚಾಗಿ ನಿದ್ದೆ, ಹಸಿವು, ಕೆಲ್ಸ ಎಲ್ಲಾ ಕೆಟ್ಟಿದೆ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ. ಬದುಕೋದೇ ಬೇಡ ಅನ್ನೋ ಯೋಚನೆ ಬರ್ತಿದ್ರೆ ಇವತ್ತೇ ಯಾರಿಗಾದ್ರೂ ಹೇಳಿ, ಒಬ್ರೇ ಇರ್ಬೇಡಿ. ಎದೆ ನೋವು ಬಂದ್ರೆ ಸ್ಟ್ರೆಸ್ ಇರಬಹುದು ಅಂತ ಉಸಿರಾಟ ಮಾಡ್ತಾ ಕೂರ್ಬೇಡಿ, ತಕ್ಷಣ ಆಸ್ಪತ್ರೆ. ಡಾಕ್ಟರ್ ಹತ್ರ ಹೋಗುವಾಗ ಒಂದು ವಾರದ ನಿದ್ದೆ ಗಂಟೆಗಳು, ತಗೋತಿರೋ ಎಲ್ಲಾ ಮಾತ್ರೆ, ದಿನಕ್ಕೆ ಎಷ್ಟು ಕಾಫಿ ಅಂತ ಬರ್ಕೊಂಡು ಹೋಗಿ, ಎದೆ ಬಡಿತ, ಚಡಪಡಿಕೆ, ಸುಸ್ತು ಇವು ಥೈರಾಯ್ಡ್ ಜಾಸ್ತಿಯಾದ್ರೂ ಬರುತ್ತೆ, ರಕ್ತಹೀನತೆಯಿಂದಲೂ ಬರುತ್ತೆ, ಒಂದು ರಕ್ತ ಪರೀಕ್ಷೆ ಮಾಡಿಸ್ಬೇಕಾ ಅಂತ ನೀವೇ ಕೇಳಿ.